ಕದ್ದರೆ ಮಾತ್ರ ದಾಳಿಂಬೆ

ಅಂಜನಮೂರ್ತಿ ಮೇಷ್ಟ್ರ ಮನೆಯಲ್ಲಿ ಹನ್ನೊಂದನೆಯ ದಾಳಿಂಬೆ ಕಡ್ಡಿಯೂ ಒಣಗಿತು. ಒಣಗುವುದು ಹೊಸದೇನಲ್ಲ. ಆದರೆ ಈ ಸಲ ಅದು ಒಣಗಿದ್ದು ಅತ್ತೆ ಹೊಂಬಾಳಮ್ಮ ಗುಬ್ಬಿಯಿಂದ ಬಂದಿಳಿದಿದ್ದ ಭಾನುವಾರ, ಅವರ ಕಣ್ಣೆದುರಿಗೇ. ತೊಂದರೆ ಶುರುವಾದದ್ದು ಅಲ್ಲಿಂದ.

ತುಮಕೂರಿನ ಶೆಟ್ಟಿಹಳ್ಳಿ ರಸ್ತೆಯಲ್ಲಿದ್ದ ಆ ಮನೆಯ ಕಾಂಪೌಂಡಿನೊಳಗೆ ಸಿಮೆಂಟು ಕಾಣದೆ ಉಳಿದಿದ್ದ ಮಣ್ಣೆಂದರೆ ಆರಡಿಗೆ ನಾಲ್ಕಡಿಯ ಒಂದು ಮೂಲೆ. ಅಲ್ಲಿ ದಾಳಿಂಬೆ ಬೆಳೆಯಬೇಕೆಂದು ಮೇಷ್ಟ್ರ ಆಸೆ. ಟೈಲ್ಸ್ ಹಾಕಿಸಬೇಕೆಂದು ಹೆಂಡತಿ ವಾಣಿಶ್ರೀಯ ಆಸೆ. ಮೂರು ವರ್ಷದಿಂದ ಮೇಷ್ಟ್ರು ಪೆನ್ಸಿಲ್ ದಪ್ಪದ ಕಡ್ಡಿ ತಂದು, ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮರಳು, ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಶಾಸ್ತ್ರೋಕ್ತವಾಗಿ ನೆಡುತ್ತಿದ್ದರು. ಆಮೇಲೆ ಬೇರು ಬಂದಿದೆಯೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಕಿತ್ತು ನೋಡಿ, ಮತ್ತೆ ನೆಡುತ್ತಿದ್ದರು. ಈ ಕೊನೆಯ ವಿಧಾನ ಯಾವ ಪುಸ್ತಕದಲ್ಲೂ ಇಲ್ಲ. ಅದು ಅವರ ಸ್ವಂತ ಸಂಶೋಧನೆ. ಪಾಪ, ಕಡ್ಡಿಗಳಿಗೆ ಅದು ಒಗ್ಗಲಿಲ್ಲ.

ಕಡ್ಡಿಗಳೆಲ್ಲ ಬರುತ್ತಿದ್ದುದು ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ವೆಂಕಟೇಶಯ್ಯನವರ ಮರದಿಂದ. ಗೋಡೆಯಾಚೆ ಆ ಮರ ಮೈತುಂಬ ಕೆಂಪು ಕಾಯಿ ಹೊತ್ತು ನಿಂತಿರುತ್ತಿತ್ತು. ಒಂದು ಕಡ್ಡಿ ಕೇಳಿದರೆ ನಾಲ್ಕು ಕೊಡುವ ಮನುಷ್ಯ ಅವರು. ಅದರಲ್ಲೂ ಮೇಷ್ಟ್ರ ಮನೆಯೆಂದರೆ ಅದೇನೋ ವಿಶೇಷ ಅಕ್ಕರೆ.

ಆ ಭಾನುವಾರ ವಾಣಿಶ್ರೀ ಕಾಫಿ ಕೊಡುತ್ತಲೇ, ನಾಳೆ ಎಂಟಕ್ಕೆ ಟೈಲ್ಸ್ ಮೇಸ್ತ್ರಿ ಬರುತ್ತಾನೆಂದು ಘೋಷಿಸಿದಳು. ಮೇಷ್ಟ್ರು ಬೆವೆತುಹೋದರು. ಅವಳು ಈ ಭೂಮಿಯ ಮೇಲೆ ಮಾತು ಕೇಳುವುದು ಅವಳ ಅಮ್ಮನದು ಮಾತ್ರ. ಹಾಗಾಗಿ ಮೇಷ್ಟ್ರು ಅತ್ತೆಗೇ ಅಪೀಲು ಹಾಕಿದರು. ಹೊಂಬಾಳಮ್ಮ ಒಣ ಕಡ್ಡಿಯನ್ನು ಕಿತ್ತು, ಮೂಸಿ, ಇದು ಎಲ್ಲಿಯದೆಂದು ವಿಚಾರಿಸಿದರು. ಪಕ್ಕದ ಮನೆಯವರು ಕೊಟ್ಟದ್ದು ಎಂದರು ಮೇಷ್ಟ್ರು.

"ಕೊಟ್ಟಿದ್ದಾ? ಅದಕ್ಕೇ ಒಣಗೈತೆ. ಇಸ್ಕೊಂಡಿದ್ದು ಯಾವತ್ತೂ ಹತ್ತಾಕಿಲ್ಲ ಅಳಿಯಂದ್ರೆ. ಗಿಡ ಅಂದ್ರೆ ಕದ್ದು ತರಬೇಕು. ನಮ್ಮನೆ ಮಲ್ಲಿಗೆ, ಕನಕಾಂಬರ, ಕರಿಬೇವು, ಒಂದಾದ್ರೂ ಕೇಳಿ ತಂದಿದ್ದು ಐತಾ ಕೇಳಿ ನಿಮ್ಮ ಹೆಂಡ್ತೀನ."

ವಾಣಿಶ್ರೀ ಹೌದೆಂದು ತಲೆಯಾಡಿಸಿದಳು. ಹೊಂಬಾಳಮ್ಮ ಅಲ್ಲೇ ತೀರ್ಪು ಕೊಟ್ಟರು. ಸಂಜೆ ಆರರ ಗುಬ್ಬಿ ಬಸ್ಸಿಗೆ ಅವರು ಹೊರಡುವುದರೊಳಗೆ ಕದ್ದ ಕಡ್ಡಿ ಆ ಮೂಲೆಯಲ್ಲಿ ಊರಿದರೆ, ಮುಂದಿನ ದೀಪಾವಳಿಯವರೆಗೆ ಟೈಲ್ಸ್ ಮಾತೆತ್ತುವಂತಿಲ್ಲ. ಇಲ್ಲದಿದ್ದರೆ ಮೇಸ್ತ್ರಿ ಬರಲಿ. ವಾಣಿಶ್ರೀ ತಕ್ಷಣ ಒಪ್ಪಿದಳು. ಯಾರದೋ ಕೊಡೆ ತಪ್ಪಿ ತಂದದ್ದಕ್ಕೆ ಕ್ಯಾತ್ಸಂದ್ರದವರೆಗೆ ನಡೆದುಹೋಗಿ ವಾಪಸು ಕೊಟ್ಟುಬಂದ ಗಂಡ ಕದಿಯುತ್ತಾನೆಂದು ಅವಳಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ.

ಹತ್ತು ಗಂಟೆಗೆ ಮೇಷ್ಟ್ರು ಗೋಡೆಯ ಮೇಲೆ ಕೈಯಿಟ್ಟರು ಅಷ್ಟೆ, ಆಚೆಯಿಂದ ವೆಂಕಟೇಶಯ್ಯನವರ ತಲೆ ಮೇಲೆದ್ದಿತು. ಕೈಯಲ್ಲಿ ಕತ್ತರಿ ಬೇರೆ.

"ಎಷ್ಟು ಬೇಕು ಮೇಷ್ಟ್ರೇ, ಸಂಕೋಚ ಪಡಬೇಡಿ."

ತಾವು ಗೋಡೆಯ ಬಿರುಕು ನೋಡುತ್ತಿರುವುದಾಗಿ ಮೇಷ್ಟ್ರು ಹೇಳಿದರು. ದಾಳಿಂಬೆ ಬೇಡವೇ ಬೇಡ ಎಂದರು. ವೆಂಕಟೇಶಯ್ಯನವರ ಮುಖ ಸಣ್ಣದಾಯಿತು. ನನ್ನಿಂದೇನಾದರೂ ತಪ್ಪಾಯಿತೇ ಎಂದು ಎರಡು ಸಲ ಕೇಳಿದರು. ಅಷ್ಟಕ್ಕೆ ಬಿಡದೆ, ಅರ್ಧ ಗಂಟೆಯಲ್ಲಿ ಐದು ಕಡ್ಡಿಗಳನ್ನು ಬಾಳೆನಾರಿನಲ್ಲಿ ಕಟ್ಟಿಕೊಂಡು ಬಾಗಿಲಿಗೇ ಬಂದುಬಿಟ್ಟರು. ಮೇಷ್ಟ್ರು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡರು. ಅವರಿಗೆ ಈಚೆಗೆ ದಾಳಿಂಬೆ ಆಗಿಬರುವುದಿಲ್ಲವೆಂದು ವಾಣಿಶ್ರೀ ನಗು ತಡೆದುಕೊಂಡು ಹೇಳಿ ಕಳಿಸಿದಳು. ದಾನಶೂರನ ಮನೆಗೆ ಕನ್ನ ಹಾಕುವಷ್ಟು ಕಷ್ಟದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ ಎಂಬುದು ಮೇಷ್ಟ್ರಿಗೆ ಅಂದು ಬಚ್ಚಲುಮನೆಯಲ್ಲಿ ಮನವರಿಕೆಯಾಯಿತು.

ಮಧ್ಯಾಹ್ನ ಎರಡಕ್ಕೆ ವೆಂಕಟೇಶಯ್ಯನವರ ಗೊರಕೆ ಗೋಡೆ ದಾಟಿ ಬಂತು. ಮೇಷ್ಟ್ರು ಬಟ್ಟೆ ಒಗೆಯುವ ಕಲ್ಲನ್ನು ಹತ್ತಿ, ಗೋಡೆಯ ಮೇಲೆ ಹೊಟ್ಟೆಯೂರಿ, ಮರದೊಳಕ್ಕೆ ಬಲಗೈ ತೂರಿಸಿದರು. ದಾಳಿಂಬೆಯ ಮುಳ್ಳು ಶರ್ಟಿನ ತೋಳನ್ನು ಹಿಡಿದುಕೊಂಡಿತು. ಎಡಗೈ ಬಿಟ್ಟರೆ ಬೀಳುವ ಸ್ಥಿತಿ, ಬಲಗೈ ಎಳೆದರೆ ಮರವೆಲ್ಲ ಅಲುಗುವ ಸ್ಥಿತಿ. ಒಣಗಲು ಹಾಕಿದ ರಗ್ಗಿನಂತೆ ಅವರು ಅಲ್ಲೇ ಉಳಿದರು.

ಎದುರು ಮನೆಯ ಮಹಡಿಯಲ್ಲಿ ರುದ್ರಯ್ಯ ಹಲ್ಲು ಚುಚ್ಚಿಕೊಳ್ಳುತ್ತ ನಿಂತಿದ್ದರು. ಬೀದಿಯಲ್ಲಿ ಯಾರು ಏನು ಮಾಡಿದರೂ ಸಲಹೆ ಕೊಡುವುದು ಅವರ ಕೆಲಸ. ಆ ರೆಂಬೆ ಎಳೆಯದು, ಅದರ ಪಕ್ಕದ್ದು ಬಲಿತಿದೆ, ಅದನ್ನು ಕತ್ತರಿಸಿ ಎಂದರು. ಮೇಷ್ಟ್ರು ಸುಮ್ಮನಿರುವಂತೆ ಕಣ್ಣಲ್ಲೇ ಬೇಡಿಕೊಂಡರು. ಆ ನೋಟವನ್ನು ರುದ್ರಯ್ಯ ಸಹಾಯದ ಕೋರಿಕೆ ಎಂದುಕೊಂಡರು.

"ಇರಿ ಸಾರ್, ಬೀಳ್ತೀರ. ವೆಂಕಟೇಶಯ್ಯನೋರ್ಗೆ ಫೋನ್ ಹಾಕ್ತೀನಿ, ಏಣಿ ಕೊಡ್ತಾರೆ."

ಪಕ್ಕದ ಮನೆಯಲ್ಲಿ ಫೋನು ಹೊಡೆದುಕೊಂಡಿತು. ಗೊರಕೆ ನಿಂತಿತು. ಮೇಷ್ಟ್ರಿಗೆ ಎಲ್ಲಿಂದ ಬಂತೋ ಆ ಶಕ್ತಿ, ಬಲಿತ ರೆಂಬೆಯಿಂದ ಮೂರು ಕಡ್ಡಿ ಮುರಿದು ಹಲ್ಲಿನಲ್ಲಿ ಕಚ್ಚಿಕೊಂಡು ಕೈ ಎಳೆದರು. ತೋಳು ಹೆಗಲ ಹತ್ತಿರ ಪರ್ರೆಂದು ಹರಿದು ಮರದಲ್ಲೇ ಉಳಿಯಿತು. ಉಳಿದ ಮೇಷ್ಟ್ರು ಈಚೆ ಬಿದ್ದರು.

ಬಿದ್ದದ್ದು ನೋವೆನಿಸಲಿಲ್ಲ. ನಲವತ್ತೆಂಟು ವರ್ಷ ಪ್ರಾಮಾಣಿಕವಾಗಿ ಬದುಕಿ ಕಾಣದ ಖುಷಿಯನ್ನು ಅವರು ಆ ಒಂದು ನಿಮಿಷದಲ್ಲಿ ಕಂಡರು. ಕಡ್ಡಿಗಳನ್ನು ತುರಾಯಿಯಂತೆ ಹಿಡಿದು ಒಂಟಿ ತೋಳಿನ ಶರ್ಟಿನಲ್ಲಿ ಒಳಗೆ ಬಂದರು. ಹೊಂಬಾಳಮ್ಮ ಅಳಿಯನ ಬೆನ್ನು ತಟ್ಟಿದರು. ನಿಮಗೆ ಕೈಗುಣ ಇತ್ತು, ಕೈಚಳಕ ಇರಲಿಲ್ಲ, ಈಗ ಅದೂ ಬಂತು ಎಂದರು. ಮೇಷ್ಟ್ರು ಮೂಲೆಯಲ್ಲಿ ಮೂರೂ ಕಡ್ಡಿಗಳನ್ನು ಊರಿ ನೀರು ಹನಿಸಿದರು. ವಾಣಿಶ್ರೀ ಮುಖ ಊದಿಸಿಕೊಂಡೇ ಮೇಸ್ತ್ರಿಗೆ ಫೋನು ಮಾಡಿ ಬೇಡವೆಂದಳು. ಗೆದ್ದ ಗಂಡನಿಗೆ ಶಾವಿಗೆ ಪಾಯಸವನ್ನೂ ಮಾಡಿದಳು.

ಐದು ಗಂಟೆಗೆ ವೆಂಕಟೇಶಯ್ಯ ಗೇಟು ತೆರೆದರು. ಕೈಯಲ್ಲಿ ಶರ್ಟಿನ ತೋಳು. ಮೇಷ್ಟ್ರು ಪಾಯಸದ ಲೋಟ ಕೆಳಗಿಟ್ಟು, ಅಪರಾಧಿಯಂತೆ ಕೈಮುಗಿಯಲು ಎದ್ದರು. ಅಷ್ಟರಲ್ಲಿ ವೆಂಕಟೇಶಯ್ಯನವರೇ ಕೈಮುಗಿದು ನಿಂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

"ಇವತ್ತು ನನ್ನ ಎದೆ ಮೇಲಿನ ಕಲ್ಲು ಇಳೀತು ಮೇಷ್ಟ್ರೇ. ನೀವು ಈ ಸೈಟು ತಗೊಂಡಾಗ ಇದೇ ಮೂಲೇಲಿ ಒಂದು ದಾಳಿಂಬೆ ಗಿಡ ಇತ್ತು, ಜ್ಞಾಪಕ ಇದೆಯಾ? ಪಾಯ ತೆಗೆಯೋವಾಗ ಕಡಿಸಿಬಿಟ್ರಿ. ಅದರ ಹಿಂದಿನ ದಿನ, ಯಾರೂ ಇಲ್ಲದಾಗ, ಅದರಲ್ಲಿ ಒಂದು ಕಡ್ಡಿ ನಾನು ಕದ್ದಿದ್ದೆ. ಈ ಮರ ಅದೇ. ಹನ್ನೆರಡು ವರ್ಷದಿಂದ ಹೇಳೋಕಾಗದೆ, ಬರೀ ಕೊಡ್ತಾ ಇದ್ದೆ. ನಾನು ಕದ್ದಿದ್ದನ್ನ ಇವತ್ತು ನೀವೂ ಕದ್ದೇ ವಾಪಸ್ ತಗೊಂಡ್ರಿ, ನಿಮ್ಮದು ನಿಮ್ಮ ಮನೆ ಸೇರಿತಲ್ಲ, ಸಾಕು."

ಇಬ್ಬರೂ ತಬ್ಬಿಕೊಂಡರು. ವೆಂಕಟೇಶಯ್ಯನವರು ಒಂದು ಲೋಟ ಪಾಯಸ ಕುಡಿದು ಹಗುರಾಗಿ ಹೊರಟುಹೋದರು. ಅತ್ತೆಯೆದುರು ಇಂಥ ಗೌರವ ಸಿಕ್ಕ ಖುಷಿಯಲ್ಲಿ ಮೇಷ್ಟ್ರು ತಿರುಗಿ ನೋಡಿದರೆ, ಹೊಂಬಾಳಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡು ಕೂತಿದ್ದರು.

"ಅಂಗಾರೆ ಆ ಮರ ನಿಮ್ದೇ ಆಯ್ತು. ತನ್ನ ಸ್ವತ್ತು ತಾನು ತಂದ್ರೆ ಕಳ್ತನ ಆಯ್ತದಾ? ಇಲ್ಲ ಬುಡಿ ಅಳಿಯಂದ್ರೆ, ಇವು ಹತ್ತಾಕಿಲ್ಲ."

ಮೇಷ್ಟ್ರು ವಾದಿಸಿದರು. ಗೋಡೆ ಹತ್ತಿದ್ದು, ತೋಳು ಹರಿದದ್ದು, ಹಲ್ಲಿನಲ್ಲಿ ಕಚ್ಚಿದ್ದು, ಎಲ್ಲವನ್ನೂ ಸಾಕ್ಷಿಯಾಗಿ ಮುಂದಿಟ್ಟರು. ಅವರ ವಾದ ಮುಗಿಯುವುದರೊಳಗೆ ವಾಣಿಶ್ರೀ ಮೇಸ್ತ್ರಿಯೊಂದಿಗೆ ಮಾತು ಮುಗಿಸಿದ್ದಳು. ಬೆಳಿಗ್ಗೆ ಎಂಟಕ್ಕೆ, ತಪ್ಪಿಸಬೇಡಿ ಎಂದು ಅವಳು ಹೇಳಿದ್ದು ಮಾತ್ರ ಅವರಿಗೆ ಕೇಳಿಸಿತು. ಜೀವಮಾನದಲ್ಲಿ ಒಂದೇ ಒಂದು ಸಲ ಕದ್ದರು, ಅದೂ ಸ್ವಂತದ್ದು. ಮೇಷ್ಟ್ರು ಬೇಸರದಿಂದ ಶರ್ಟು ಬದಲಿಸಲು ಒಳಗೆ ಹೋದರು.

ಆರಕ್ಕೆ ಮುಂಚೆಯೇ ಅತ್ತೆಯನ್ನು ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಕರೆತಂದು ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟರು. ಕೆಳಗಿಳಿದು ಬ್ಯಾಗನ್ನು ಕಿಟಕಿಯಿಂದ ಕೊಡುವಾಗ ಅಂಗೈಗೆ ಚುರುಕ್ಕೆಂದು ಏನೋ ಚುಚ್ಚಿತು. ನೋಡಿದರೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೂರು ಕಡ್ಡಿಗಳ ತುದಿ ಬ್ಯಾಗಿನಿಂದ ಇಣುಕುತ್ತಿತ್ತು. ಬುಡಕ್ಕೆ ಅವರದೇ ಮೂಲೆಯ ಮಣ್ಣು ಮೆತ್ತಿಕೊಂಡಿತ್ತು. ಮೇಷ್ಟ್ರು ತಲೆಯೆತ್ತಿ ಅತ್ತೆಯ ಮುಖ ನೋಡಿದರು.

"ನೀವು ಅಂಗಿ ಬದಲಾಯಿಸ್ತಿದ್ರಿ, ಯಾರೂ ನೋಡ್ಲಿಲ್ಲ," ಎಂದರು ಹೊಂಬಾಳಮ್ಮ ಬ್ಯಾಗನ್ನು ತೊಡೆಯ ಮೇಲೆಳೆದುಕೊಳ್ಳುತ್ತ. "ಇವು ಮಾತ್ರ ಚೆನ್ನಾಗಿ ಹತ್ತುತ್ವೆ."

ಬಸ್ಸು ಹೊರಟಿತು. ಹೊಂಬಾಳಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಗೆದ್ದವರ ಧಾರಾಳದಲ್ಲಿ ಕೈಬೀಸಿದರು.

"ಮರ ಆದ್ಮೇಲೆ ಗುಬ್ಬಿಗೆ ಬನ್ನಿ ಅಳಿಯಂದ್ರೆ. ಎಷ್ಟು ಕಡ್ಡಿ ಬೇಕೋ ಅಷ್ಟು ಕೊಡ್ತೀನಿ."