ಪಂಚಮಿಯ ದಿನ ಹಿಡಿದ ಗ್ರಹಣ

ಅವರೆಕಾಳು ಹಿತುಕುತ್ತಾ ಕೂತಿದ್ದೆ. ಅರ್ಧ ಬಟ್ಟಲೂ ಆಗಿರಲಿಲ್ಲ. ಬಾಬುರಾಯನಕೊಪ್ಪಲಿನಿಂದ ಹಾಲು ತರುವ ಜಯಮ್ಮ ಹಿತ್ತಿಲ ಬಾಗಿಲಿಗೆ ಓಡಿಬಂದು ಕೂಗಿದಳು: "ಅಮ್ಮೋರೇ, ಒಲೆ ಆರ್ಸ್‌ಬುಡಿ! ಗ್ರಾಣ ಹಿಡ್ದದೆ! ನಿಮ್ ಭಾವ್ನೋರೇ ಗುಡಿ ಮುಂದೆ ನೀರಿಟ್ಕಂಡು ನೋಡ್ತಾ ಕುಂತವ್ರೆ!"

ಸೂರ್ಯನಿಗೆ ರಾಹು ಕೇತುಗಳಿಂದ ಮಾತ್ರ ಕಾಟ ಎಂದು ನೀವು ತಿಳಿದಿದ್ದರೆ, ನಮ್ಮ ಭಾವನವರನ್ನು ನೀವು ನೋಡಿಲ್ಲ ಎಂದೇ ಅರ್ಥ!

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ಶ್ರೀರಂಗಪಟ್ಟಣದಲ್ಲೇ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು. ಮದುವೆ ಮಾಡಿಕೊಳ್ಳಲಿಲ್ಲ, ಕ್ಯಾಮೆರಾ ಮಾಡಿಕೊಂಡರು. ಹೆಸರುವಾಸಿಯಾದ ಜಾಗಗಳಿಗೇ ಹೋಗುತ್ತಾರೆ, ಆದರೆ ಎಲ್ಲರೂ ನಿಲ್ಲುವಲ್ಲಿ ಮಾತ್ರ ನಿಲ್ಲುವುದಿಲ್ಲ. "ಎದುರಿನಿಂದ ಲೋಕವೇ ತೆಗೆದು ಮುಗಿಸಿದೆಯಮ್ಮ. ಮಿಕ್ಕ ಕಡೆಯಿಂದ ಯಾರು ತೆಗೀಬೇಕು?" ಎನ್ನುತ್ತಾರೆ.

ಪಾಂಡವಪುರದ ಕುಂತಿಬೆಟ್ಟವನ್ನು ಅವರು ತೆಗೆದದ್ದು ಎಲ್ಲಿಂದ ಗೊತ್ತೇ? ಎಮ್ಮೆಯ ಹೊಟ್ಟೆಯ ಕೆಳಗಿನಿಂದ! ನಾಲ್ಕು ಕಾಲು ಕಂಬದ ಹಾಗೆ, ನಡುವೆ ಬೆಟ್ಟ ದೇವರ ಹಾಗೆ ಕಾಣುತ್ತದಂತೆ. ಗದ್ದೆಯ ಬದುವಿನಲ್ಲಿ ಅಂಗಾತ ಮಲಗಿದ್ದವರನ್ನು ನೋಡಿ ಎಮ್ಮೆಯ ಯಜಮಾನ ಓಡಿಬಂದ.

"ಏನ್ ಸ್ವಾಮಿ, ಅಂಗೆ ಕೆಚ್ಲು ನೋಡ್ತಾ ಇದ್ದೀರಿ? ಎಮ್ಮೆ ಮಾರಾಕಿಲ್ಲ ಕಣ್ ಬುಡಿ!"

"ನಾನು ಬೆಟ್ಟ ನೋಡ್ತಾ ಇದೀನಪ್ಪ."

"ಬೆಟ್ಟವೂ ಮಾರಾಕಿಲ್ಲ!"

ಎಮ್ಮೆ ಒದೆಯಲಿಲ್ಲ. ಅದು ಒಂದು ದೇವರ ದಯೆ.

ಕೆ.ಆರ್.ಪೇಟೆ ಕಡೆಯ ಗೋವಿಂದನಹಳ್ಳಿಗೆ ಹೋದಾಗ ನನ್ನ ಎದೆಯೇ ಒಡೆದುಹೋಯಿತು. ಅಲ್ಲಿ ಐದು ಗರ್ಭಗುಡಿ ಸಾಲಾಗಿವೆ. ನಾವೆಲ್ಲ ಒಳಮುಖವಾಗಿ ಕೈಮುಗಿದು ನಿಂತರೆ, ಭಾವನವರು ಹೊಸ್ತಿಲ ಹತ್ತಿರ ದೇವರಿಗೆ ಬೆನ್ನು ಹಾಕಿ ಕೂತರು! ಒಂದಾದ ಮೇಲೊಂದರಂತೆ ಐದೂ ಈಶ್ವರರಿಗೆ ಬೆನ್ನು!

"ಭಾವ, ಪಾಪ ಬರುತ್ತೆ!" ಎಂದೆ.

"ಇಷ್ಟು ಕಾಲದಿಂದ ಅವನು ಏನು ನೋಡ್ತಾ ಕೂತಿದಾನೆ ಅಂತ ತಿಳ್ಕೊಂಡ್ರೆ ಪಾಪಾನಾ?"

ಫೋಟೋ ಬಂದ ಮೇಲೆ ನೋಡಿದರೆ ಈಶ್ವರನಿಗೆ ಅಂದು ಕಂಡದ್ದು ನಮ್ಮ ಯಜಮಾನರು. ಕಾರಿನ ಕೀಲಿಕೈಯಿಂದ ಕಿವಿ ಕೆರೆದುಕೊಳ್ಳುತ್ತಿದ್ದರು. ಮೂರನೇ ಕಣ್ಣು ತೆರೆಯಲಿಲ್ಲವಲ್ಲ, ಶಿವನ ತಾಳ್ಮೆ ದೊಡ್ಡದು!

ನಾಗಮಂಗಲದಲ್ಲಿ ಗೋಪುರ ತೆಗೆಯಲು ಪ್ರಾಕಾರದಲ್ಲಿ ನೆಲಕ್ಕೆ ಅಡ್ಡ ಬಿದ್ದರು. ಉರುಳುಸೇವೆಯ ಹರಕೆಯಿರಬೇಕು, ಪಾಪ ವಯಸ್ಸಾದವರು ಎಂದುಕೊಂಡ ಇಬ್ಬರು ಭಕ್ತರು ಗೋವಿಂದಾ ಎಂದು ಉರುಳಿಸಿಯೇಬಿಟ್ಟರು. ಇವರು ಬಾಯಿಬಿಟ್ಟು ಬೇಡವೆನ್ನುವಷ್ಟರಲ್ಲಿ ಅರ್ಧ ಪ್ರದಕ್ಷಿಣೆ ಮುಗಿದಿತ್ತು.

ಇಷ್ಟೆಲ್ಲ ನಕ್ಕರೂ ಮನೆಯಲ್ಲಿ ನಗಲಾರದ ಸಂಗತಿ ಒಂದಿತ್ತು. ನಮ್ಮ ಅತ್ತೆಯವರು. ಎರಡು ವರ್ಷದಿಂದ ಅವರ ಕತ್ತು ಮುಂದಕ್ಕೆ ಬಾಗಿ ಹಾಗೆಯೇ ನಿಂತುಬಿಟ್ಟಿದೆ. ಎತ್ತಲು ಆಗುವುದಿಲ್ಲ. ಗೋಪುರವನ್ನು ಕಣ್ತುಂಬ ನೋಡಿ ಕೈಮುಗಿಯದೆ ಗುಡಿಯೊಳಗೆ ಕಾಲಿಡಬಾರದೆಂಬುದು ಅವರ ನೇಮ. ದಿನಾ ರಂಗನಾಥನನ್ನು ನೋಡಿ ಬಂದು ಕಾಫಿ ಕುಡಿಯುತ್ತಿದ್ದವರು ಹೊರಗೆ ಹೋಗುವುದನ್ನೇ ಬಿಟ್ಟರು. ಆಟೋದಲ್ಲಿ ಕರೆದುಕೊಂಡು ಹೋಗುತ್ತೇನೆಂದರೆ, "ಹೋಗಿ ಏನ್ ನೋಡ್ಲೇ? ನನ್ನ ಕಾಲ್ಬೆರಳು ಮನೇಲೇ ಕಾಣುತ್ತಲ್ಲ!" ಎನ್ನುತ್ತಿದ್ದರು. ಭಾವನವರು ಗೋಪುರದ ಫೋಟೋ ದೊಡ್ಡದಾಗಿ ಮಾಡಿಸಿ ಅವರ ಮಡಿಲಲ್ಲಿಟ್ಟರು. ಅತ್ತೆಯವರು ಸವರಿ ನೋಡಿ, "ಇದು ಕಾಗದ ಕಣೋ" ಎಂದು ಹಿಂದಕ್ಕೆ ಕೊಟ್ಟರು. ಅಂದು ಭಾವನವರು ಊಟ ಮಾಡಲಿಲ್ಲ.

ಇಂಥ ಮನೆಗೆ ಗ್ರಹಣದ ಸುದ್ದಿ! ಜಯಮ್ಮನ ಮಾತು ಕಿವಿಗೆ ಬಿದ್ದದ್ದೇ ಒಲೆ ಆರಿಸಿದೆ. ಮೊಸರಿಗೆ ದರ್ಭೆ ಹಾಕಿದೆ, ಉಪ್ಪಿನಕಾಯಿಗೆ ದರ್ಭೆ ಹಾಕಿದೆ, ಗಾಬರಿಯಲ್ಲಿ ನೀಲಗಿರಿ ಎಣ್ಣೆಯ ಬಾಟಲಿಗೂ ಹಾಕಿದೆ!

ಒಳಗಿನಿಂದ ಅತ್ತೆಯವರ ದನಿ ಬಂತು. "ಲೇ, ಇವತ್ತು ಪಂಚಮಿ ಕಣೇ! ಅಮಾವಾಸ್ಯೆ ಇಲ್ದೆ ಸೂರ್ಯನಿಗೆ ಎಲ್ಲಿಯ ಗ್ರಹಣ? ನನ್ನ ಕತ್ತು ಬಗ್ಗಿದೆ, ನಿನ್ನ ಬುದ್ಧಿಗೇನಾಯ್ತು?"

ನಾಚಿಕೆಯಾಯಿತು. ಜನ ಹಿಡಿದು ಬೈಯುವ ಮೊದಲು ಭಾವನವರನ್ನು ಮನೆಗೆ ಎಳೆತರಬೇಕೆಂದು ಓಡಿದೆ.

ಗೋಪುರದ ಮುಂದೆ ಜಾತ್ರೆಯೇ ನೆರೆದಿತ್ತು. ನಡುವೆ ನೆಲದ ಮೇಲೆ ನೀರು ತುಂಬಿದ ಪರಾತ. ನೋಡಿದರೆ ನನ್ನ ಮದುವೆಯ ಹಿತ್ತಾಳೆ ಪರಾತ! ಭಾವನವರು ಅದರ ಮೇಲೆ ಗೂನು ಬಾಗಿ, ಎರಡು ಹೆಜ್ಜೆ ಹಿಂದಕ್ಕೆ, ಒಂದು ಹೆಜ್ಜೆ ಮುಂದಕ್ಕೆ ಇಡುತ್ತಿದ್ದರು. ಬಳೆ ಅಂಗಡಿಯಾಕೆ ಬಸುರಿ ಸೊಸೆಯನ್ನು ಒಳಗೆ ಕೂಡಿಹಾಕಿ ಬೀಗ ಜಡಿದಿದ್ದಳು. ಅರಕೆರೆಯಿಂದ ಬಂದವನೊಬ್ಬ ಹೊಳೆಯಲ್ಲಿ ಮುಳುಗಿ ಬಂದು ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದ. "ಮೇಷ್ಟ್ರೇ, ಬುಡೋದು ಎಷ್ಟೊತ್ಗೆ? ಇನ್ನೊಂದ್ ಸ್ನಾನ ಮಾಡ್ಬೇಕು, ಚಳಿ ತಡಿಯಾಕಾಯ್ತಿಲ್ಲ!"

"ಸೂರ್ಯ ನೆಟ್ಟಗೇ ಅವ್ನಲ್ಲೋ?" ಎಂದು ಯಾರೋ ಮೇಲೆ ನೋಡಿ ಹೇಳಿದರು.

"ಸುಮ್ಕಿರ್ಲಾ! ಅವ್ರಪ್ಪ ಪಂಚಾಂಗ ಓದ್ತಿದ್ದೋರು. ಮೇಷ್ಟ್ರು ಸುಮ್ಸುಮ್ಕೆ ನೀರ್ ನೋಡ್ತಾರಾ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಭಾವ, ಏನಿದು ಅವಾಂತರ! ಊರಿಗೇ ಗ್ರಹಣ ಹಿಡಿಸಿದ್ದೀರಿ, ನಡೀರಿ ಮನೆಗೆ!"

ಅವರು ತಲೆಯೆತ್ತಲೂ ಇಲ್ಲ. "ಬಾಮ್ಮ ಇಲ್ಲಿ. ಅಮ್ಮ ಹೇಗೆ ಬಗ್ತಾಳೋ ಹಾಗೇ ಬಗ್ಗು. ಕತ್ತು ಎತ್ತಬೇಡ. ಈಗ ಹೇಳು, ಏನು ಕಾಣುತ್ತೆ?"

ಬಗ್ಗಿದೆ. ನನ್ನ ಕಾಲ್ಬೆರಳು ಕಂಡಿತು. ಅದರಾಚೆ ಪರಾತದ ನೀರು. ನೀರಿನೊಳಗೆ ಗೋಪುರ! ಕಳಶದಿಂದ ಹಿಡಿದು ಕೆಳಗಿನ ಅಂತಸ್ತಿನವರೆಗೆ, ಬಿಸಿಲು ಸಮೇತ.

ಅತ್ತೆಯವರನ್ನು ಕರೆತರಲು ಸೀದಾ ಹೋಗಿ ಆಟೋ ಹಿಡಿದೆ.

ನನ್ನ ಬಲವಂತಕ್ಕೆ ಆಟೋ ಹತ್ತಿದ ಅತ್ತೆಯವರು ದಾರಿಯುದ್ದಕ್ಕೂ ಗೊಣಗಿದರು. ಇಳಿಸಿ, ಭಾವನವರು ಅಳೆದಿಟ್ಟ ಜಾಗದಲ್ಲಿ ನಿಲ್ಲಿಸಿದೆವು. ಹೊಳೆಯ ಕಡೆಯಿಂದ ಗಾಳಿ ಬೀಸಿ ನೀರು ನಡುಗಿತು. ಭಾವನವರು ಹೆಗಲ ಮೇಲಿನ ವಸ್ತ್ರ ಬಿಡಿಸಿ, ಎರಡೂ ಕೈ ಅಗಲಿಸಿ ಗಾಳಿಗೆ ಅಡ್ಡ ಹಿಡಿದು ಮಂಡಿಯೂರಿದರು. ಒದ್ದೆ ಪಂಚೆಯವನೂ ತಾನಾಗಿಯೇ ಬಂದು ಅವರ ಪಕ್ಕದಲ್ಲಿ ಅಡ್ಡ ನಿಂತ. ನೀರು ತಿಳಿಯಾಯಿತು.

ಅತ್ತೆಯವರು ನೀರಿನೊಳಗೆ ನೋಡಿದರು. ಆಮೇಲೆ, "ಪಾರಿವಾಳಗಳು ಇನ್ನೂ ಅಲ್ಲೇ ಕೂರ್ತವಲ್ಲೋ" ಎಂದರು. ನೀರಿಗೇ ಕೈಮುಗಿದರು. "ಸರಿ, ಏನ್ ನಿಂತಿದ್ದೀರಿ? ಒಳಗೆ ನಡೀರಿ, ಮಂಗಳಾರತಿ ತಪ್ಪುತ್ತೆ."

ಎಮ್ಮೆಯನ್ನೂ ಬಿಡದ ನಮ್ಮ ಭಾವನವರು ಅಂದು ತಾಯಿಯದು ಒಂದೇ ಒಂದು ಫೋಟೋ ತೆಗೆಯಲಿಲ್ಲ. ವಸ್ತ್ರ ಹಿಡಿದಿದ್ದರಲ್ಲ, ಕೈ ಖಾಲಿಯಿರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಅತ್ತೆಯವರು ಕಾಫಿ ಕೇಳಿ ಕುಡಿದರು. ನಾನು ಮರುದಿನದ ದೋಸೆಗೆ ಅಕ್ಕಿ ತೊಳೆಯಲು ಹಿತ್ತಿಲಿಗೆ ಹೋದೆ.