ಮಾವನ ಕತ್ತಲೆ ಕೋಣೆಗೊಬ್ಬ ಆಸಾಮಿ

ನಮ್ಮ ಸೋದರಮಾವನಷ್ಟು ಕತ್ತಲೆಯನ್ನು ಪ್ರೀತಿಸುವ ಮನುಷ್ಯ ಕೊಟ್ಟೂರು ಸೀಮೆಯ ಕಳ್ಳರಲ್ಲೂ ಸಿಗಲಿಕ್ಕಿಲ್ಲ! ಕರೆಂಟು ಹೋದಾಗ ಓಣಿಯವರೆಲ್ಲ ಲೈನ್‌ಮನ್‌ನ ವಂಶವನ್ನೇ ಜಾಲಾಡುತ್ತಿದ್ದರೆ, ಮಾವ ಮಾತ್ರ ಕಟ್ಟೆಯ ಮೇಲೆ ಕೂತು, "ಆಹಾ, ಎಂಥಾ ಕತ್ತಲಿ ನೋಡವಾ! ಒಂಚೂರೂ ಕಲಬೆರಕಿ ಇಲ್ಲ" ಎಂದು ಮೆಚ್ಚಿಕೊಳ್ಳುತ್ತಾನೆ. ಹಾಲು, ತುಪ್ಪದಲ್ಲಿ ಕಲಬೆರಕೆ ಹುಡುಕುವವರನ್ನು ನೀವು ನೋಡಿರಬಹುದು. ಕತ್ತಲೆಯಲ್ಲಿ ಹುಡುಕುವವನನ್ನು ನೋಡಬೇಕಾದರೆ ನಮ್ಮ ಮನೆಗೇ ಬರಬೇಕು.

ಇದಕ್ಕೆ ಕಾರಣವಿದೆ. ಮಾವನದು ಒಂದು ಕಾಲಕ್ಕೆ ಊರಿನ ಹೆಸರಾದ ಫೋಟೋ ಸ್ಟುಡಿಯೋ. ಮುಂದೆ ನಿಂತು "ಗದ್ದ ಎತ್ರಿ, ಹಲ್ಲು ಕಾಣಂಗ ನಗ್ರಿ" ಎನ್ನುವುದು ಮಾವನ ಕೆಲಸ. ಹಿಂದಿನ ಡಾರ್ಕ್ ರೂಮಿನಲ್ಲಿ ರೀಲು ತೊಳೆದು ಫೋಟೋ ಮಾಡುವುದು ಅವನ ಜೀವದ ಗೆಳೆಯ ಮಾಬುಕಾಕಾರ ಕೆಲಸ. ಕ್ಯಾಮೆರಾದಿಂದ ತೆಗೆದ ರೀಲನ್ನು ಸುರುಳಿಗೆ ಸುತ್ತಿ, ಡಬ್ಬಿಗೆ ಹಾಕಿ ಮುಚ್ಚುವ ತನಕ ಒಂದು ಎಳೆ ಬೆಳಕೂ ಒಳಗೆ ಬರಕೂಡದು. ಬಂದರೆ ಇಡೀ ಮದುವೆಯೇ ಮಾಯ! ಮಾಬುಕಾಕಾ ಗಡಿಯಾರದ ಗೊಡವೆಗೆ ಹೋದವರಲ್ಲ. ಡಬ್ಬಿಗೆ ಔಷಧಿ ಸುರಿದ ಕೂಡಲೇ ಬಾಯಿಗೊಂದು ಎಲೆ ಅಡಿಕೆ ಹಾಕಿಕೊಳ್ಳುವರು. ಅದನ್ನು ಜಗಿದು ಮುಗಿಸುವಷ್ಟರಲ್ಲಿ ರೀಲೂ ಆಗಿರುತ್ತಿತ್ತು. ಎಳೆ ಎಲೆ ಸಿಕ್ಕ ದಿನ ಜಗಿಯುವುದು ಬೇಗ ಮುಗಿದು, ಮದುಮಕ್ಕಳು ಮಂಕಾಗಿ ಬಂದದ್ದೂ ಉಂಟು. ಆಗ ಹುಡುಗಿಯ ಕಡೆಯವರನ್ನು ಸಮಾಧಾನ ಮಾಡುವುದು ಮತ್ತೆ ಮಾವನ ಕೆಲಸ.

ಆಮೇಲೆ ಮೊಬೈಲು ಬಂತು. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಮತ್ತು ಝೆರಾಕ್ಸ್ ಉಳಿದವು. ಸಕ್ಕರೆ ಕಾಯಿಲೆ ಕಣ್ಣಿಗಿಳಿದು ಮಾಬುಕಾಕಾರ ದೃಷ್ಟಿ ಪೂರ್ತಿ ಹೋಯಿತು. ಅವರು ನಮ್ಮ ಪಕ್ಕದ ತಾಲೂಕಿನ ಅರಸೀಕೆರೆಯಲ್ಲಿದ್ದ ಮಗಳ ಮನೆ ಸೇರಿದರು. ಡಾರ್ಕ್ ರೂಮಿಗೆ ಅತ್ತೆಯ ಈರುಳ್ಳಿ ಚೀಲಗಳು ಬಂದವು.

ಈಚೆಗೆ ಹಂಪಿ ನೋಡಲು ಬರುವ ಹುಡುಗರು ಮತ್ತೆ ರೀಲು ಕ್ಯಾಮೆರಾ ಹಿಡಿದಿದ್ದಾರೆ, ಆ ರೀಲು ತೊಳೆದುಕೊಡುವವರು ಸಿಗದೆ ಹೊಸಪೇಟೆಯ ಅಂಗಡಿಯವನೊಬ್ಬ ಪರದಾಡುತ್ತಿದ್ದಾನೆ ಎಂಬ ಸುದ್ದಿ ಮಾವನ ಕಿವಿಗೆ ಬಿತ್ತು. ಬಿದ್ದದ್ದೇ ತಡ, ಯಾರಿಗೂ ಹೇಳದೆ ಬಸ್ಸು ಹತ್ತಿ ಎಲ್ಲಿಗೋ ಹೋಗಿ ಬಂದ. ಬಂದವನೇ ಸಾರಿದ: "ಡಾರ್ಕ್ ರೂಮ್ ಮತ್ತ ತೆಗೀತೀನಿ. ಕಸುಬು ಬಲ್ಲ ಆಸಾಮಿ ಬೇಕು. ಸುತ್ತಲ ತಾಲೂಕು ಒಂದೂ ಬಿಡಂಗಿಲ್ಲ."

"ಅಮಾಸಿ ಒಳಗ ಸಿಕ್ರ ಸರಿ. ಇಲ್ಲಂದ್ರ ಆ ಕೋಣಿ ನನ್ನ ರೊಟ್ಟಿ ಒಲಿಗೆ" ಎಂದಳು ಅತ್ತೆ. ಖಡಕ್ ರೊಟ್ಟಿ ಮಾಡಿ ಮಾರುವ ಆಸೆ ಅವಳಿಗೆ ಬಹಳ ದಿನಗಳಿಂದ ಇತ್ತು. ಅತ್ತೆಯ ಮಾತೆಂದರೆ ನಮ್ಮ ಮನೆಯಲ್ಲಿ ಕೋರ್ಟಿನ ತೀರ್ಪು, ಅದಕ್ಕೆ ಅಪೀಲಿಲ್ಲ.

"ನೀನ ಸುತ್ತಬಾರದೇನು ಮಾವ?" ಎಂದು ನಾನು ಕೇಳಿದೆ.

"ಈ ಬೆರಳು ನೋಡಿದೇನು? ಬಾಳಿಕಾಯಿ! ಕತ್ತಲಾಗ ಇವು ನನ್ನ ಮಾತ ಕೇಳಂಗಿಲ್ಲ" ಎಂದ. ಕತ್ತಲೆಯ ಮೇಲೆ ಇಷ್ಟೊಂದು ಪ್ರೀತಿ, ಅದರೊಳಗೆ ಮಾತ್ರ ಪೂರಾ ನಾಲಾಯಕ್! ಇಂಥ ಪ್ರೀತಿಗೆ ಏನನ್ನೋಣ?

ಸರಿ, ನನ್ನ ಸ್ಕೂಟಿ ಹೊರಟಿತು, ಹಿಂದೆ ಮಾವ. ಪರೀಕ್ಷೆಗೆ ರೀಲು ಬೇಕಲ್ಲ? ಅದಕ್ಕೆ ಅತ್ತೆ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಂಡಳು. ಬಂದ ಆಸಾಮಿ ಆ ರೀಲನ್ನು ಕತ್ತಲೆಯಲ್ಲಿ ಸುತ್ತಿ ತೋರಿಸಬೇಕು.

ಮೊದಲು ಬಂದವರು ಕೂಡ್ಲಿಗಿಯವರು. ಹಿಂದೆ ಸ್ಟುಡಿಯೋ ಇತ್ತು, ಈಗ ಫ್ಲೆಕ್ಸ್ ಬ್ಯಾನರ್ ಮಾಡುತ್ತಾರೆ. ಒಳಗೆ ಹೋದವರು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೊರಗೆ ಬಂದರು.

"ಇಷ್ಟು ಲಗೂನ ಆತೇನ್ರಿ?" ಎಂದ ಮಾವ, ಬೆರಗಾಗಿ.

"ಆತ್ರಿ. ಒಳಗ ಏನೂ ಕಾಣವಲ್ದಾಗಿತ್ತು. ಅದಕ ಮೊಬೈಲ್ ಬ್ಯಾಟ್ರಿ ಹಚ್ಚಿಕೊಂಡ್ನಿ!"

ಮಾವ ಗೋಡೆ ಹಿಡಿದು ಹಾಗೇ ಕೆಳಗೆ ಕೂತ. ಅತ್ತೆ ಮತ್ತೆ ಸೀರೆ ಉಟ್ಟಳು.

ಎರಡನೆಯವರು ಕಾನಹೊಸಹಳ್ಳಿಯವರು, ಹಿಂದೆ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುತ್ತಿದ್ದವರು. ಭಾರೀ ಧೈರ್ಯದ ಮನುಷ್ಯ. ಮಾವನೂ ಜೊತೆಗೆ ಒಳಗೆ ಹೋದ. ಕತ್ತಲಾದ ಕೂಡಲೇ ಅವರು ಹಳೆಯ ಅಭ್ಯಾಸಬಲದಿಂದ, "ಉಸುರು ಹಿಡೀರಿ!" ಎಂದರು. ಮಾವ ಹಿಡಿದ. ಅವರು ತಟ್ಟೆಯಗಲದ ಫಿಲಂ ತೊಳೆದವರೇ ಹೊರತು ಸುರುಳಿ ಸುತ್ತಿದವರಲ್ಲ. ರೀಲು ಗಂಟಾಯಿತು, ಗಂಟು ಬಿಡಿಸುವ ಗಡಿಬಿಡಿಯಲ್ಲಿ "ಉಸುರು ಬಿಡ್ರಿ" ಎನ್ನುವುದನ್ನು ಮರೆತರು. ನಾವು ಬಾಗಿಲು ತೆಗೆದಾಗ ಮಾವ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದ.

"ನೀವ ಬಿಡಬಾರದೇನ್ರೀ ಉಸುರು?" ಎಂದು ಅತ್ತೆ ಗದರಿಸಿದಳು.

"ಅವ್ರು ಹೇಳಬೇಕಲ್ಲ!" ಎಂದ ಮಾವ, ಏದುಸಿರು ಬಿಡುತ್ತಾ.

ಹಗರಿಬೊಮ್ಮನಹಳ್ಳಿಯವನೊಬ್ಬ ಫೋನಿನಲ್ಲಿ ವಿಡಿಯೋ ನೋಡುತ್ತಾ ಸುತ್ತುತ್ತೇನೆ ಎಂದ. ಅವನನ್ನು ಹೊಸ್ತಿಲಲ್ಲೇ ತಡೆದು ಫೋನು ಕಿತ್ತಿಟ್ಟೆವು. ಅದಿಲ್ಲದೆ ಅವನ ಕೈ ಮುಂದೆ ಹೋಗಲಿಲ್ಲ. ಹಡಗಲಿಯವರ ಮೇಲೆ ಎಲ್ಲರಿಗೂ ಬಲು ಭರವಸೆ ಇತ್ತು. ರಣಬಿಸಿಲಲ್ಲಿ ಬಂದರು, ಅತ್ತೆ ಕೊಟ್ಟ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಗಿಸಿ ಒಳಗೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. "ಇದು ನೋಡು, ತಾಳ್ಮಿ ಅಂದ್ರ!" ಎಂದು ಮಾವ ಪಿಸುಗುಟ್ಟಿದ. ಆಗ ಒಳಗಿನಿಂದ ಗೊರಕೆ ಕೇಳಿಸಿತು.

ಒಬ್ಬರಿಗೂ ಮಾವ ಮೋಸ ಮಾಡಲಿಲ್ಲ. ಸೋತವರಿಗೆಲ್ಲ, "ಇನ್ನೊಮ್ಮಿ ನೋಡ್ರಿ" ಎಂದು ಎರಡನೇ ಅವಕಾಶ ಕೊಟ್ಟ. ಆದರೆ ವಿಚಿತ್ರ ನೋಡಿ, ಅವರು ಎರಡನೇ ಸಲವೂ ಸೋತರೆ ಇವನ ಮುಖ ಅರಳುತ್ತಿತ್ತು! ಅಮಾವಾಸ್ಯೆ ಹತ್ತಿರ ಬಂದಿದೆ, ಅತ್ತೆ ಒಲೆಗೆ ಕಲ್ಲು ತರಿಸಿದ್ದಾಳೆ, ಈ ಮನುಷ್ಯ ಮೀಸೆಯಡಿ ನಗುತ್ತಾನೆ. ಮಾವನಿಗೆ ತಲೆ ಕೆಟ್ಟಿದೆ ಎಂದೇ ನಾನು ತೀರ್ಮಾನಿಸಿದೆ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಮಾವ ಇಸ್ತ್ರಿ ಅಂಗಿ ತೊಟ್ಟು ಬಂದು, "ಗಾಡಿ ತಗಿಯವಾ, ಅರಸೀಕೆರಿಗೆ" ಎಂದ.

ಮಾಬುಕಾಕಾ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಟವೆಲ್ಲಿನ ಅಂಚನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಬೆರಳುಗಳಿಗೆ ಬೇರೆ ಕೆಲಸವಿರಲಿಲ್ಲ. ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದು, "ಎಲ್ಲಾರ್ನೂ ನೋಡಿ ಬಂದೇನಲೇ?" ಎಂದರು.

"ನೋಡಿ ಬಂದೆ. ಕೂಡ್ಲಿಗಿ, ಕಾನಹೊಸಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ. ಒಬ್ರ ಕೈಲೂ ಆಗಲಿಲ್ಲ."

"ಕರೇ ಹೇಳು. ಕರುಣಿ ತೋರ್ಸಾಕ ಬಂದಿದ್ರ ಈಗಿಂದೀಗ ಎದ್ದು ಹೋಗು."

ಮಾವ ಅಂದು ಗುಟ್ಟಾಗಿ ಬಸ್ಸು ಹತ್ತಿ ಬಂದದ್ದು ಇಲ್ಲಿಗೇ ಎಂದು ಆಗ ನನಗೆ ತಿಳಿಯಿತು. "ಕಣ್ಣಿಲ್ಲದವಗ ಕೆಲಸ ಕೊಟ್ಟು ಪುಣ್ಯಾ ಕಟ್ಕೊಬ್ಯಾಡ. ಕಣ್ಣಿದ್ದೋರು ಯಾರೂ ಸಿಗದಿದ್ರ ಆಮ್ಯಾಲ ಬಾ" ಎಂದು ಕಾಕಾ ಹೊರಗಟ್ಟಿದ್ದರಂತೆ. ಗೆಳೆಯನಿಗೆ ಸುಳ್ಳು ಹೇಳಲಾರದೆ ಈ ಮಹಾಶಯ ಊರೂರು ತಿರುಗಿ, ಉಸಿರುಗಟ್ಟಿ, ಎಲ್ಲರನ್ನೂ ನಿಜವಾಗಿಯೇ ಪರೀಕ್ಷಿಸಿ ಬಂದಿದ್ದ. ತಲೆ ಕೆಟ್ಟವನ ಮೇಲೆ ಇಷ್ಟು ಪ್ರೀತಿ ಉಕ್ಕಬಹುದು ಎಂದು ನಾನು ಅಂದುಕೊಂಡಿರಲಿಲ್ಲ.

ಕಾಕಾ ನನ್ನ ಕಡೆ ತಿರುಗಿದರು. "ನೀ ಹೇಳು ಬೇಟಿ, ಕರೇನಾ?"

"ಕರೇನ ಕಾಕಾ. ಒಬ್ರು ಬ್ಯಾಟ್ರಿ ಹಚ್ಚಿದ್ರು. ಒಬ್ರು ಒಳಗ ಮಲಗಿಬಿಟ್ರು."

"ಮಲಗಿದ್ರಾ!" ಎಂದು ಕಾಕಾ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿಸಿ ಮಗಳನ್ನು ಕೂಗಿದರು, "ನನ್ನ ಬಿಳೀ ಅಂಗಿ ತಾರವಾ."

ಅಂದು ಸಂಜೆ ಬಸ್ಸಿನಲ್ಲಿ ಬಂದಿಳಿದ ಮಾವ, ಮಾಬುಕಾಕಾ ಇಬ್ಬರೂ ಡಾರ್ಕ್ ರೂಮಿಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಗೆ ನಾನೂ ಅತ್ತೆಯೂ ಬಾಗಿಲಿಗೆ ಕಿವಿ ಕೊಟ್ಟು ಕೂತೆವು.

"ಪೂರಾ ಕತ್ತಲಾತೇನಲೇ?" ಕಾಕಾರ ದನಿ.

"ನಿನಗ ಯಾಕಲೇ ಅದು?"

"ನನಗ ಹೆಂಗ ಗೊತ್ತಾಗಬೇಕು? ಬೆಳಕು ಒಳಗ ಬಂದೈತೋ ಇಲ್ಲೋ ನೀನ ನೋಡಿ ಹೇಳಬೇಕು. ಅದಕ್ಕಷ್ಟ ನೀ ಬೇಕು."

ಮಾವ ಬಾಗಿಲ ಸಂದಿ ತಡವಿ ನೋಡಿದ ಸಪ್ಪಳವಾಯಿತು. ಆಮೇಲೆ ಮಾವನ ದನಿ ಸಣ್ಣದಾಗಿ ಕೇಳಿಸಿತು.

"ಏನೂ ಕಾಣವಲ್ದು ಮಾಬು. ಈಗ ನಾನೂ ನಿನ್ನಂಗ ಅದೀನಿ."

"ಹಂಗಾರ ಹೆದರಬ್ಯಾಡ. ನನ್ನ ಭುಜ ಹಿಡ್ಕೊ."

ಅತ್ತೆ ಎದ್ದು ಹೋಗಿ ಎಲೆಯ ಬುಟ್ಟಿ ತಂದಳು. ಕಣ್ಣೊರೆಸಿಕೊಳ್ಳುತ್ತಾ, ಎಳೆಯ ಎಲೆಗಳನ್ನೆಲ್ಲ ಬದಿಗೆ ತೆಗೆದಿಟ್ಟು, ಮಾಬುಕಾಕಾರಿಗಾಗಿ ಬಲಿತ ಎಲೆಯೊಂದನ್ನು ಹುಡುಕತೊಡಗಿದಳು.