ಜೋಯಿಸರ ಕಂಪ್ಯೂಟರಿನ ಮೆಮೊರಿ

ತಿಪಟೂರಿನಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ, ಶಿವನ ದಯೆ, ಕೆಟ್ಟ ಡಬ್ಬಗಳಿಗೆ ಬರವಿಲ್ಲ. ಅವುಗಳ ಜೊತೆ ಬರುವವರ ದಯೆ, ನಗುವಿಗೂ ಬರವಿಲ್ಲ.

೧. ರಾಹುಕಾಲ

ದಂಡಿನಶಿವರದ ಕಡೆಯ ಜೋಯಿಸರೊಬ್ಬರು ಕಂಪ್ಯೂಟರಿನಲ್ಲೇ ಜಾತಕ ನೋಡುವವರು. ಮಗಳಿಗೆ ಬಂದ ಗಂಡಿನ ಜಾತಕ ಕೂಡಿಸಲು ಕೂತರೆ ಮೂರು ಸಲವೂ ಕಂಪ್ಯೂಟರ್ ನಡುವೆಯೇ ನಿಂತುಹೋಯಿತಂತೆ. ಅಪಶಕುನ, ಈ ಸಂಬಂಧ ಬೇಡ ಅಂದುಬಿಟ್ಟರು. ಮಗಳಿಗೋ ಹುಡುಗ ಒಪ್ಪಿಗೆಯಾಗಿದ್ದ. ಡಬ್ಬವನ್ನೂ ಅಪ್ಪನನ್ನೂ ಒಂದೇ ಆಟೋದಲ್ಲಿ ಕೂರಿಸಿಕೊಂಡು ಬಂದಳು.

"ಅಕ್ಕಾ, ದೋಷ ಹುಡುಗಂದೋ ಡಬ್ಬದ್ದೋ, ನೀವೇ ಹೇಳ್ಬುಡಿ."

ನನಗೆ ಅನುಮಾನವೇ ಇರಲಿಲ್ಲ. ಮೆಮೊರಿ ಕೆಟ್ಟರೆ ಹೀಗೇ ಆಗುವುದು, ಪರೀಕ್ಷೆ ಮಾಡೋಣ ಅಂದೆ. ಜೋಯಿಸರು ಗೋಡೆಯ ಕ್ಯಾಲೆಂಡರ್ ನೋಡಿ, ಈಗ ರಾಹುಕಾಲ, ತಡೀರಿ ಅಂದರು. ನಾನೂ ರಾಹುಕಾಲ ನಂಬುವವಳೇ.

"ಸ್ವಾಮಿ, ರಾಹುಕಾಲ ಬ್ಯಾಡ ಅನ್ನೋದು ಒಳ್ಳೇದನ್ನ ಶುರು ಮಾಡೋಕಲ್ವಾ? ನಾನು ಹುಡುಕ್ತಿರೋದು ದೋಷ."

ಜೋಯಿಸರು ಒಂದು ಗಳಿಗೆ ಯೋಚಿಸಿ, ಹಾಗಾದರೆ ಇದಕ್ಕಿಂತ ಪ್ರಶಸ್ತವಾದ ಹೊತ್ತಿಲ್ಲ ಅಂದರು.

೨. ಕೆಂಪು ಗೆರೆ

ಡಬ್ಬ ಬಿಚ್ಚಿದೆ. ಒಳಗೆ ಎರಡು ಮೆಮೊರಿ ಪಟ್ಟಿ. ಎರಡಕ್ಕೂ ಮೂರೆಳೆ ವಿಭೂತಿ, ನಡುವೆ ಕುಂಕುಮ. ಆಯುಧಪೂಜೆಯದು. ದುಡಿಯೋರು ಒಳಗಿರುವಾಗ ಹೊರಗೆ ಹಚ್ಚಿ ಏನು ಬಂತು ಅನ್ನುವುದು ಜೋಯಿಸರ ವಾದ. ನಾನು ಕಣ್ಣಿಗೊತ್ತಿಕೊಂಡು ಒರೆಸಿದೆ, ರಬ್ಬರಿನಲ್ಲಿ ಉಜ್ಜಿದೆ, ಒಂದೊಂದನ್ನೇ ಹಾಕಿ ಪರೀಕ್ಷೆಗೆ ಬಿಟ್ಟೆ. ಮೊದಲನೆಯದು ಪಾಸು. ಎರಡನೆಯದಕ್ಕೆ ಪರದೆಯ ತುಂಬ ಕೆಂಪು ಗೆರೆ.

ಜೋಯಿಸರು ಕನ್ನಡಕ ಸರಿಮಾಡಿಕೊಂಡರು. "ಕೆಂಪು ಅಂದ್ರೆ ಕುಜ. ಶಾಂತಿ ಮಾಡಿಸಿದ್ರೆ ಹೋಗುತ್ತಾ?"

"ಶಾಂತಿಗೆ ಬಗ್ಗೋದಲ್ಲ ಸ್ವಾಮಿ, ಕಿತ್ತಾಕಿದ್ರೆ ಹೋಗುತ್ತೆ" ಅಂದೆ.

೩. ಗುಣ

ಕೆಟ್ಟದ್ದನ್ನು ಕಿತ್ತು ಹೊಸದು ಹಾಕಿದೆ. ನಾಲ್ಕು ಗಂಟೆ ಪರೀಕ್ಷೆ ಓಡಿತು, ಒಂದು ಕೆಂಪು ಗೆರೆಯೂ ಇಲ್ಲ. ಅಷ್ಟು ಹೊತ್ತೂ ಮಗಳು ನೀರು ಸಹ ಕುಡಿದಿರಲಿಲ್ಲ. ಜೋಯಿಸರು ನನ್ನಂಗಡಿಯಲ್ಲೇ ಕೂತು ಎರಡೂ ಜಾತಕ ಹಾಕಿದರು. ಈ ಸಲ ಕಂಪ್ಯೂಟರ್ ನಿಲ್ಲಲಿಲ್ಲ. ಮೂವತ್ತಾರಕ್ಕೆ ಇಪ್ಪತ್ತೊಂದು ಗುಣ ಕೂಡಿಬಂತು. ಹದಿನೆಂಟು ಬಂದರೆ ಮದುವೆಗೆ ಸಾಕು. ಮಗಳು ನನ್ನ ಮೇಜಿನ ಮೇಲಿನ ಶಿವನ ಪಟಕ್ಕೆ ಕೈಮುಗಿದಳು. ನಾನೂ ಮುಗಿದೆ.

ಜೋಯಿಸರು ಮಾತ್ರ ಪರದೆ ನೋಡಿದರು, ಡಬ್ಬ ನೋಡಿದರು, ಮತ್ತೆ ಪರದೆ ನೋಡಿದರು.

"ತಾಯೀ, ಇನ್ನೊಂದು ಮೆಮೊರಿ ಹಾಕಿದ್ರೆ ಮೂವತ್ತು ದಾಟುತ್ತೇನೋ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಡಬ್ಬದ ಮುಚ್ಚಳ ಹಾಕಿ, ನನ್ನ ಸ್ಕ್ರೂಡ್ರೈವರ್ ತಗೊಂಡು ನಾಲ್ಕೂ ಸ್ಕ್ರೂ ಬಿಗಿಮಾಡಿದ್ದಳು.